ಹೆಳವರ ಹೊತ್ತಿಗೆ, ಹೆಳವರ ದನಿ: ದಾಖಲಿಸುವುದು ಹೇಗೆ

ಹೆಳವರೆಂದರೆ ಮನೆತನಗಳ ವಂಶಾವಳಿ ಹೇಳುತ್ತ ಊರೂರು ತಿರುಗುವವರು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಹಳ್ಳಿಗಳಲ್ಲಿ ಅವರು ಬರುವ ಕಾಲವೆಂದರೆ ಸುಗ್ಗಿ ಮುಗಿದ ಮೇಲೆ. ತಾವು ವಂಶಾವಳಿ ಹೇಳುವ ಮನೆ, ಅಂದರೆ ಒಕ್ಕಲ ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಈಗಿನವರವರೆಗೆ ಹೆಸರು ಹೇಳುತ್ತಾರೆ. ಬೆಡಗು (ಕುಲದೊಳಗಿನ ಬಳಿ), ಮೂಲ ಊರು, ಯಾವ ಬರದಲ್ಲಿ ಎಲ್ಲಿಗೆ ಗುಳೆ ಬಂದರು ಎಂಬುದೂ ಅದರಲ್ಲಿ ಸೇರಿರುತ್ತದೆ. ಅವರ ಹೊತ್ತಿಗೆಯಲ್ಲಿ ಬರೆದದ್ದು ಒಂದು, ಬಾಯಲ್ಲಿ ಹೇಳುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸಿ. ಹೊತ್ತಿಗೆಯ ಫೋಟೊ ತೆಗೆದು ಕೆಲಸ ಮುಗಿಯಿತೆಂದುಕೊಂಡರೆ ಅರ್ಧ ಪರಂಪರೆ ಅಂಗಳದಲ್ಲೇ ಉಳಿಯುತ್ತದೆ.

ಮೊದಲು ಹಕ್ಕಿನ ಮಾತು. ಹೊಲ ಹಂಚಿಕೊಂಡ ಹಾಗೆ ಹೆಳವರ ಅಣ್ಣತಮ್ಮಂದಿರು ಒಕ್ಕಲುಗಳನ್ನೂ ಹಂಚಿಕೊಂಡಿರುತ್ತಾರೆ. ಒಬ್ಬರು ಹೂಂ ಎಂದರೆ ಸಾಲದು, ಪಾಲುದಾರರೆಲ್ಲರ ಒಪ್ಪಿಗೆ ಬೇಕು. ‘ಅಜ್ಜಾರ, ಇದನ್ನ ಯಾರ್ಯಾರು ಕೇಳಬಹುದು, ನೀವ ಹೇಳ್ರಿ’ ಎಂದು ಕೇಳಿ, ಉತ್ತರವನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹೇಳಿಸುವುದಕ್ಕೆ, ಫೋಟೊಕ್ಕೆ, ಬೇರೆಯವರಿಗೆ ತೋರಿಸುವುದಕ್ಕೆ ಒಪ್ಪಿಗೆ ಪ್ರತ್ಯೇಕವಾಗಿರಲಿ. ವಂಶಾವಳಿಯನ್ನು ಇಂಟರ್‌ನೆಟ್ಟಿಗೆ ಹಾಕಿದರೆ ಒಕ್ಕಲ ಮನೆಯವರು ಹೆಳವರನ್ನು ಕರೆಯುವುದನ್ನೇ ಬಿಡಬಹುದು, ಅವರ ಅನ್ನ ಹೋಗುತ್ತದೆ. ದತ್ತಕ, ಉಡಿಕಿ (ಮರುಮದುವೆ), ಆಸ್ತಿ ಜಗಳದ ವಿಷಯಗಳೂ ಅದರಲ್ಲಿರುತ್ತವೆ. ಬದುಕಿರುವವರ ಹೆಸರಿರುವ ಭಾಗವನ್ನು ಯಾರಿಗೂ ತೋರಿಸಬೇಡಿ.

ಹೆಳವರಿಗೆ ದಿನಗೂಲಿ ಎಷ್ಟೆಂದು ಮೊದಲೇ ಮಾತಾಡಿ ಕೊಡಿ. ಒಕ್ಕಲ ಮನೆಯವರು ಕೊಡುವ ಕಾಳು, ಬಟ್ಟೆ ಬೇರೆ, ನೀವು ಕೊಡುವ ಕೂಲಿ ಬೇರೆ.

ದನಿ ಹಿಡಿಯಲು ಬೆಳಗಿನ ಹೊತ್ತು ಒಳ್ಳೆಯದು: ಗಾಳಿ ಕಡಿಮೆ, ಗದ್ದಲ ಕಡಿಮೆ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿರಲಿ, ಅದಕ್ಕೆ ಸ್ಪಂಜಿನ ಟೊಪ್ಪಿಗೆ ಹಾಕಿ. ರೆಕಾರ್ಡರಿನ ಸೆಟ್ಟಿಂಗು 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಇರಲಿ. ಒಂದೇ ಮೈಕಿಗೆ ಗಂಟೆಗೆ ಸುಮಾರು ಅರ್ಧ ಜಿಬಿ ಬೇಕಾಗುತ್ತದೆ. ದನಿ ಏರಿದಾಗಲೂ ಮೀಟರಿನ ಮಟ್ಟ ಮೈನಸ್ 12 ಡೆಸಿಬಲ್ ಸುತ್ತಮುತ್ತಲೇ ಇರಲಿ, ಸೊನ್ನೆ ಮುಟ್ಟಿದರೆ ಆ ಹೆಸರು ಒಡೆದು ಹೋಗುತ್ತದೆ, ಮತ್ತೆ ಸರಿಪಡಿಸಲಾಗದು. ಫೋನಿನಲ್ಲಿ ಮಾಡುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಅವರು ಜೊತೆಗೆ ತರುವ ಎತ್ತಿನ ಕೊರಳಗಂಟೆಯನ್ನು ಬಿಚ್ಚಿಸಬೇಡಿ, ಎತ್ತನ್ನು ಹತ್ತು ಹೆಜ್ಜೆ ಆಚೆ ಕಟ್ಟಿಸಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು, ನಡುವೆ ಬಾಯಿ ಹಾಕದಿರುವುದು. ಹೆಸರುಗಳು ಲಯದ ಮೇಲೆ ಬರುತ್ತವೆ. ‘ಏನಂದ್ರಿ?’ ಎಂದೊಮ್ಮೆ ಕೇಳಿದರೆ ಎಳೆ ಕಡಿಯುತ್ತದೆ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅನುಮಾನ ಬಂದ ಕಡೆ ನಿಮಿಷ ಗುರುತು ಹಾಕಿಕೊಂಡು, ಕೊನೆಗೆ ಕೂತು ಕೇಳಿ.

ಹೊತ್ತಿಗೆಗೆ ಕಿಟಕಿ ಪಕ್ಕದ ಬೆಳಕು ಸಾಕು, ಫ್ಲ್ಯಾಶ್ ಬೇಡ. ಕ್ಯಾಮೆರಾ ನೇರ ಮೇಲಿರಲಿ, ಪುಟದ ಬದಿಗೊಂದು ಅಳತೆಪಟ್ಟಿ ಇಡಿ. ಖಾಲಿ ಪುಟ, ರಟ್ಟು, ಅಂಚಿನ ಗೀಚು ಯಾವುದನ್ನೂ ಬಿಡಬೇಡಿ. ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಬರೆದ ಪುಟ ನಿಮಗೆ ಓದಲು ಬಾರದಿದ್ದರೂ ತೆಗೆಯಿರಿ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಬಾರದು. ಹರಿದ ಕಡೆ ಸೆಲೋಟೇಪ್ ಅಂಟಿಸಿದರೆ ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ಎತ್ತುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ತಾಮ್ರಪಟವಿದ್ದರೆ ಹುಣಸೆಹಣ್ಣಿನಿಂದ ತಿಕ್ಕಬೇಡಿ, ಹೊಳಪು ಬರುತ್ತದೆ, ಅಕ್ಷರ ಸವೆಯುತ್ತದೆ. ಅದರ ಬದಲು ಟಾರ್ಚನ್ನು ಒಂದು ಮಗ್ಗುಲಿಂದ ಓರೆಯಾಗಿ ಹಿಡಿಯಿರಿ, ಕೊರೆದ ಗೆರೆಯಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ.

ಹೆಚ್ಚಿನವರು ಎಡವುವುದು ಇಸವಿಯಲ್ಲಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ನಿಜಾಮನ ಸೀಮೆಯ ಕಡೆಯಿಂದ ಬಂದ ಮನೆತನವಾದರೆ ಲೆಕ್ಕ ಫಸಲಿಯಲ್ಲಿ (ಕಂದಾಯದ ವರ್ಷ) ಇರಬಹುದು, ಅದಕ್ಕೆ 590 ಕೂಡಿಸಿ. ಸಂವತ್ಸರದ ಹೆಸರಷ್ಟೇ ಇದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ: ಈಶ್ವರ ಎಂದರೆ 1877ರದೂ ಆಗಬಹುದು, 1937ರದೂ ಆಗಬಹುದು. ಆಗ ಬರ, ಬೇನೆಗಳೇ ಆಸರೆ. ಧಾತು-ಈಶ್ವರ ಬರ ಬಿದ್ದದ್ದು 1876ರಿಂದ 78ರವರೆಗೆ, ಇನ್‌ಫ್ಲುಯೆಂಜಾ 1918ರಲ್ಲಿ, ಮಹಾರಾಷ್ಟ್ರದ ದೊಡ್ಡ ಬರ 1972ರಲ್ಲಿ. ‘ಬರದ ಮುಂದೋ ಹಿಂದೋ?’ ಎಂದು ಕೇಳಿದರೆ ತಲೆಮಾರು ತನ್ನ ಜಾಗಕ್ಕೆ ಬರುತ್ತದೆ. ಹೆಸರನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಸಾಲೆಯ ದಾಖಲೆಯಲ್ಲಿ ಮರಾಠಿಯ ‘ಕರ’ ಸೇರಿದ ಅಡ್ಡಹೆಸರಿದ್ದರೆ ಅದನ್ನು ಪಕ್ಕದ ಕಾಲಮ್ಮಿನಲ್ಲಿ ಇಡಿ, ಒಂದನ್ನಳಿಸಿ ಇನ್ನೊಂದನ್ನು ಬರೆಯಬೇಡಿ.

ಅದೇ ದಿನ ಸಂಜೆ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಅದನ್ನು ಮೂಲ ಪ್ರತಿಯೆಂದು ಎಣಿಸಬೇಡಿ.

ಹೆಳವರ ಮನೆಯ ಕಾಗದಗಳನ್ನೂ ನೋಡಿ. ಮಹಾರಾಷ್ಟ್ರದ ಭಟಕ್ಯಾ ಜಮಾತಿ (ಅಲೆಮಾರಿ ಪಂಗಡ) ಪಟ್ಟಿಯಲ್ಲಿ ಹೆಳವರು ಹೆಳವೆ ಎಂಬ ಹೆಸರಿನಲ್ಲಿದ್ದಾರೆ. ಆದರೆ ಜಾತಿ ಪ್ರಮಾಣಪತ್ರಕ್ಕೆ 21 ನವೆಂಬರ್ 1961ಕ್ಕೂ ಮುಂಚಿನ ವಾಸದ ಪುರಾವೆ ಕೇಳುತ್ತಾರೆ, ಊರೂರು ತಿರುಗಿದವರಿಗೆ ಅದೇ ಕಷ್ಟ. ಅಜ್ಜನ ಸಾಲೆಯ ದಾಖಲೆ, ಜನನ-ಮರಣದ ನೋಂದಣಿ ಸಿಕ್ಕರೆ ಅದರ ಪ್ರತಿ ತೆಗೆಸಿಕೊಡಿ. ಮಕ್ಕಳ ಫೀಸಿನ ರಿಯಾಯಿತಿ ಈ ಪ್ರಮಾಣಪತ್ರದ ಮೇಲೆಯೇ ನಿಂತಿದೆ, ತಡಮಾಡಬೇಡಿ.

ಮುಂದಿನ ಸುಗ್ಗಿಗೆ ಮುಂಚೆ ಹೊತ್ತಿಗೆಯ ಪ್ರತಿಯನ್ನು ದಪ್ಪ ಹಾಳೆಯ ಮೇಲೆ ಮುದ್ರಿಸಿ, ನೂಲಿನಲ್ಲಿ ಹೊಲಿಸಿ, ಅವರ ಕೈಗೆ ಕೊಡಿ. ಕೊನೆಯಲ್ಲಿ ಗೆರೆ ಹಾಕಿದ 20 ಖಾಲಿ ಹಾಳೆ ಸೇರಿಸಿ, ಈ ವರ್ಷ ಹುಟ್ಟಿದವರನ್ನು ಅವರೇ ಬರೆದುಕೊಳ್ಳುತ್ತಾರೆ.