ಕೋಳಿ ಹಿಕ್ಕೆ ನೀರಾದರೆ ನಾನು ಏನೇನು ನೋಡುತ್ತೇನೆ

ಏಪ್ರಿಲ್ ಬಿಸಿಲು ಏರಿತು ಅಂದರೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದವರಿಗೆಲ್ಲ ಒಂದೇ ಚಿಂತೆ. ಹಿಕ್ಕೆ ನೀರು ನೀರಾಗಿದೆ, ಕೋಳಿಗೆ ಏನೋ ಬಂದಿದೆ ಅಂತ. ತಕ್ಷಣ ಔಷಧಿ ಅಂಗಡಿಗೆ ಓಡಿ, ಯಾವುದೋ ಆಂಟಿಬಯೋಟಿಕ್ ಪುಡಿ ತಂದು ಕುಡಿಯುವ ನೀರಿಗೆ ಕಲಸಿಬಿಡುತ್ತಾರೆ. ನಾನು ತುಮಕೂರಿನ ಹತ್ತಿರ ಗಿರಿರಾಜ, ನಾಟಿ ಎರಡೂ ತಳಿಯ ಕೋಳಿ ಸಾಕುತ್ತಿದ್ದೇನೆ. ನಾನು ಕಂಡ ತೆಳು ಹಿಕ್ಕೆಗಳಲ್ಲಿ ಹೆಚ್ಚಿನವು ರೋಗವೇ ಅಲ್ಲ. ಆದರೆ ರೋಗದ್ದು ಯಾವುದು ಅನ್ನೋದು ಬೇಗ ಗೊತ್ತಾಗಬೇಕು. ಮರಿಗಳ ವಿಷಯದಲ್ಲಂತೂ ಒಂದು ದಿನ ತಡವಾದರೂ ಕೈಮೀರುತ್ತದೆ.

ಕೋಳಿಗಳು ರಾತ್ರಿ ಕೂರುವ ಜಾಗವನ್ನು ಅಷ್ಟು ಸುಲಭವಾಗಿ ಬದಲಾಯಿಸುವುದಿಲ್ಲ. ಕೋಲಿನ ಮೇಲೆ ಪ್ರತಿಯೊಂದಕ್ಕೂ ಅದರದೇ ಜಾಗ ಇರುತ್ತದೆ. ಅದಕ್ಕೇ ಕೋಲಿನ ಕೆಳಗೆ ಹಳೇ ಪೇಪರ್ ಹಾಸಿಡುತ್ತೇನೆ. ಬೆಳಿಗ್ಗೆ ಗುಡ್ಡೆ ನೋಡಿದರೆ ಯಾವ ಹೇಂಟೆಯದು ಹೇಗಿದೆ ಅಂತ ತಿಳಿಯುತ್ತದೆ. ಹಗಲು ಅಂಗಳದಲ್ಲಿ ಬಿದ್ದದ್ದು ಯಾವ ಕೋಳಿಯದು ಅಂತ ಹೇಳೋದು ಕಷ್ಟ ಅಲ್ವಾ? ದಿನಾ ನೋಡುತ್ತಿದ್ದರೆ ಪ್ರತಿ ಕೋಳಿಯ ಮಾಮೂಲಿ ಹಿಕ್ಕೆ ಹೇಗಿರುತ್ತದೆ ಅಂತ ಕಣ್ಣಿಗೆ ಕೂತುಬಿಡುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಳತೆಗೋಲು ಇಲ್ಲ.

ಸಂಶಯ ಬಂದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡುತ್ತೇನೆ. ಚೆನ್ನಾಗಿರುವ ಕೋಳಿಯದು ಕಂದು ಅಥವಾ ಬೂದುಹಸಿರು ಬಣ್ಣ, ಒಂದು ಆಕಾರ, ತುದಿಯಲ್ಲಿ ಬಿಳಿ. ಆ ಬಿಳಿಯೇ ಅದರ ಮೂತ್ರ. ಕೋಳಿಗೆ ಎರಡಕ್ಕೂ ಒಂದೇ ದಾರಿ. ಈಗ ಪೇಪರ್ ನೋಡಿ. ನಡುವಿನ ಗಟ್ಟಿ ಭಾಗ ಗಟ್ಟಿಯಾಗೇ ಇದ್ದು, ಸುತ್ತ ತಿಳಿನೀರಿನ ಒದ್ದೆ ಉಂಗುರ ಹರಡಿದ್ದರೆ ಅದು ಹೆಚ್ಚು ಕುಡಿದ ನೀರು, ಭೇದಿಯಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಸೆಕೆಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ನೀರನ್ನು ಜಾಸ್ತಿ ಕುಡಿಯುತ್ತದೆ. ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ತಿಂದರೂ ಹೀಗೇ. ಮಿಕ್ಕಿದ ಸಾರನ್ನ ಹಾಕುವ ಮನೆಗಳಲ್ಲಿ ಉಪ್ಪಿನಿಂದಲೂ ನೀರು ಕುಡಿಯೋದು ಹೆಚ್ಚುತ್ತದೆ. ಅದನ್ನೆಲ್ಲ ಎರಡು ದಿನ ನಿಲ್ಲಿಸಿ ನೋಡಿ. ಗಟ್ಟಿ ಭಾಗವೇ ಕರಗಿ, ಏನೂ ಆಕಾರ ಉಳಿಯದೆ ಹರಿದಿದ್ದರೆ ಮಾತ್ರ ನಾನು ಅದನ್ನು ಭೇದಿ ಅನ್ನುತ್ತೇನೆ.

ಜನ ಹೆಚ್ಚು ಹೆದರುವ ಇನ್ನೊಂದು ಹಿಕ್ಕೆ ಇದೆ. ಸಾಸಿವೆ ಬಣ್ಣದಿಂದ ಕಡುಕಂದಿನವರೆಗೆ, ಅಂಟಂಟು, ಒಮ್ಮೊಮ್ಮೆ ನೊರೆ, ಬಿಳಿ ಸಾಮಾನ್ಯವಾಗಿ ಇರುವುದಿಲ್ಲ, ವಾಸನೆ ಮೂಗು ಮುಚ್ಚುವಂಥದ್ದು. ಕೋಳಿಯ ಕರುಳಿನ ಕೊನೆಯ ಭಾಗದಲ್ಲಿ ಎರಡು ಕುರುಡು ಚೀಲಗಳಿವೆ, ಅಂದರೆ ಒಂದೇ ಕಡೆ ಬಾಯಿ ಇರುವವು. ಜೀರ್ಣವಾಗದೆ ಉಳಿದದ್ದು ಅಲ್ಲಿ ಹುದುಗುತ್ತದೆ. ಆ ಚೀಲಗಳು ದಿನಕ್ಕೆ ಎರಡು ಮೂರು ಸಲ ಖಾಲಿಯಾದಾಗ ಬರುವುದೇ ಇದು. ಎಂಟು ಹತ್ತು ಹಿಕ್ಕೆಗೆ ಇಂಥದ್ದೊಂದು ಇದ್ದರೆ ಕರುಳು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಾವಿಗೆ ಕೂತ ಹೇಂಟೆ ದಿನಕ್ಕೊಂದೆರಡು ಸಲ ಎದ್ದು ಬಂದು ದೊಡ್ಡ, ಗಬ್ಬುವಾಸನೆಯ ಗುಡ್ಡೆ ಹಾಕುವುದೂ ಸಹಜವೇ.

ಹಿಕ್ಕೆ ಆದ ಮೇಲೆ ಕೋಳಿಯನ್ನೇ ಎತ್ತಿಕೊಳ್ಳುತ್ತೇನೆ. ಗೂಡಿನ ಬಾಗಿಲು ತೆಗೆದಾಗ ಓಡಿ ಬಂತಾ? ಜುಟ್ಟು ಕೆಂಪಾಗಿದೆಯಾ, ಪೇಲವವಾಗಿದೆಯಾ? ಕತ್ತಿನ ಬುಡದ ಮೇವಿನ ಚೀಲ ಬೆಳಿಗ್ಗೆ ಖಾಲಿ ಇರಬೇಕು, ಸಂಜೆ ತುಂಬಿರಬೇಕು. ಎದೆಮೂಳೆ ಕೈಗೆ ಚೂಪಾಗಿ ಸಿಕ್ಕಿದರೆ ಕೋಳಿ ಕೆಲವು ದಿನಗಳಿಂದಲೇ ಸೊರಗುತ್ತಿದೆ, ಜಂತುಹುಳದ ಸಂಶಯ ಬರುತ್ತದೆ. ಬಾಲದ ಕೆಳಗಿನ ಪುಕ್ಕ ಅಂಟಿಕೊಂಡಿದ್ದರೆ ಬೆಚ್ಚನೆ ನೀರಲ್ಲಿ ತೊಳೆಯುತ್ತೇನೆ. ಸುಮ್ನೆ ಬಿಟ್ಟರೆ ನೊಣ ಕೂತು ಹುಳ ಬೀಳುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಮಳೆಗಾಲದ ಮರಿಗಳು. ಮೂರರಿಂದ ಎಂಟು ವಾರದ ಮರಿ ರೆಕ್ಕೆ ಜೋತುಬಿಟ್ಟು, ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಮೂಲೆಗೆ ನಿಂತಿದೆ, ಹಿಕ್ಕೆಯಲ್ಲಿ ರಕ್ತ ಇದೆ ಅಂದರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಅಂತಲೇ ಮೊದಲು ಯೋಚಿಸುತ್ತೇನೆ. ಇದರ ರೋಗಾಣು ಹಿಕ್ಕೆಯಲ್ಲಿ ಹೊರಗೆ ಬೀಳುತ್ತದೆ. ನೆಲ ಒದ್ದೆಯಾಗಿ ಬೆಚ್ಚಗಿದ್ದರೆ ಒಂದೆರಡು ದಿನದಲ್ಲೇ ಮತ್ತೊಂದು ಮರಿಗೆ ಅಂಟುವ ಹಾಗೆ ಬಲಿಯುತ್ತದೆ. ಅದಕ್ಕೇ ನೀರಿನ ಬಟ್ಟಲ ಸುತ್ತ ನೆಂದ ಭತ್ತದ ಹೊಟ್ಟನ್ನು ನಾನು ಅವತ್ತೇ ಬದಲಾಯಿಸುತ್ತೇನೆ. ದೊಡ್ಡ ಕೋಳಿಯ ಹಿಕ್ಕೆಯಲ್ಲಿ ಅಪರೂಪಕ್ಕೆ ಕಿತ್ತಳೆಗೆಂಪು ಎಳೆ ಕಾಣುತ್ತದೆ. ಅದು ಕರುಳಿನ ಒಳಪದರ ಉದುರಿದ್ದು, ಕೋಳಿ ಚುರುಕಾಗಿದ್ದರೆ ಚಿಂತೆ ಬೇಡ. ಮರಿಯ ಹಿಕ್ಕೆಯಲ್ಲಿ ಹಸಿ ರಕ್ತ ಕಂಡರೆ ಮಾತ್ರ ಕಾಯಬಾರದು.

ಇನ್ನೊಂದು, ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ನೀರು ಹಿಕ್ಕೆ, ಜೊತೆಗೆ ಗೊರಗೊರ ಉಸಿರು, ಕತ್ತು ತಿರುಚಿಕೊಳ್ಳುವುದು, ಒಂದರ ಹಿಂದೆ ಒಂದು ಬೀಳುವುದು. ಸೊಪ್ಪು ತಿಂದ ಕೋಳಿಯ ಹಿಕ್ಕೆಯೂ ಹಸಿರೇ, ಆದರೆ ಆ ಕೋಳಿ ಕೆದಕುತ್ತಾ ಓಡಾಡಿಕೊಂಡಿರುತ್ತದೆ. ಮೇವು ಬಿಟ್ಟ ಕೋಳಿಯ ಹಸಿರು ಮಾತ್ರ ಕೆಟ್ಟದ್ದು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಪಿತ್ತರಸ ಬರುತ್ತಿರುತ್ತದೆ. ಕೊಕ್ಕರೆ ರೋಗಕ್ಕೆ ಔಷಧಿಯಿಲ್ಲ, ಲಸಿಕೆ ಮಾತ್ರ. ಮೊದಲ ವಾರದಲ್ಲಿ ಲಸೋಟಾ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಹಾಕಿಸುತ್ತೇನೆ. ದಿಢೀರನೆ ಹಲವು ಕೋಳಿ ಸತ್ತರೆ ಹೂಳುವ, ಮಾರುವ ಮೊದಲು ಪಶು ಆಸ್ಪತ್ರೆಗೆ ತಿಳಿಸಲೇಬೇಕು. ಹಕ್ಕಿಜ್ವರವೂ ಇರಬಹುದು.

ಸಂಶಯದ ಕೋಳಿಯನ್ನು ಮೊದಲು ಮಂಕರಿಯಲ್ಲಿ ಬೇರೆ ಇಡುತ್ತೇನೆ. ಕೆಳಗೆ ಬಿಳಿ ಹಾಳೆ, ಪಕ್ಕದಲ್ಲಿ ಶುದ್ಧ ನೀರು, ಮಾಮೂಲಿ ಮೇವು. ಚುರುಕಾಗಿದ್ದರೆ ಒಂದು ದಿನ ಕಾಯುತ್ತೇನೆ. ಮಂಕಾಗಿದ್ದರೆ, ಮೇವು ಬಿಟ್ಟಿದ್ದರೆ, ರಕ್ತ ಇದ್ದರೆ ಕಾಯುವುದಿಲ್ಲ. ಅವತ್ತಿನ ತಾಜಾ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗುತ್ತೇನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂತುಹುಳದ ಮೊಟ್ಟೆಯೋ ಕಾಕ್ಸಿಡಿಯೋಸಿಸ್ಸೋ ಅಂತ ಗೊತ್ತಾಗುತ್ತದೆ, ಎರಡಕ್ಕೂ ಔಷಧಿ ಬೇರೆ ಬೇರೆ. ಕಾಕ್ಸಿಡಿಯೋಸಿಸ್‌ಗೆ ಅಂಪ್ರೋಲಿಯಂ ಬರೆದುಕೊಟ್ಟರೆ, ಅದು ಮುಗಿಯುವವರೆಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಆ ಔಷಧಿ ರೋಗಾಣುವಿಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಸಿಗದ ಹಾಗೆ ಮಾಡಿ ಕೊಲ್ಲುತ್ತದೆ. ಟಾನಿಕ್‌ನಲ್ಲಿ ಇರುವುದೂ ಅದೇ ಥಯಾಮಿನ್. ಮೊಟ್ಟೆ ಇಡುವ ಕೋಳಿಗೆ ಏನೇ ಔಷಧಿ ಕೊಟ್ಟರೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅಲ್ಲೇ ಕೇಳಿಕೊಂಡು ಬನ್ನಿ.