ಹಾಸನದ ಬಸ್ಸು, ನೂರೈವತ್ತು ಕೀರ್ತನೆಗಳು

ಬೆಳಗಿನ ಜಾವ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ನಮ್ಮ ಯಜಮಾನರ ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಡುವುದು. ಅಲ್ಲಿ ಚರ್ಮದ ಕೆಳಗೆ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಡಯಾಲಿಸಿಸ್‌ನ ಸೂಜಿ ಚುಚ್ಚಲು ನಾಳ ದಪ್ಪವಾಗಲೆಂದು ಮಾಡಿದ ಶಸ್ತ್ರಚಿಕಿತ್ಸೆ; ಫಿಸ್ಟುಲಾ ಎನ್ನುತ್ತಾರೆ. ಅದು ಸರಿಯಾಗಿದ್ದರೆ ಬೆರಳಿಗೆ ಒಂದು ಅದುರು ಹತ್ತುತ್ತದೆ. ಹೊಲಿಗೆ ಯಂತ್ರ ಓಡುತ್ತಿರುವಾಗ ಅದರ ಹಲಗೆಯ ಮೇಲೆ ಅಂಗೈ ಇಟ್ಟರೆ ಹೇಗಿರುತ್ತದೋ ಹಾಗೆ. ಅದುರು ಸಿಗದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂದು ನರ್ಸ್ ಹೇಳಿಕೊಟ್ಟಿದ್ದಾರೆ. ಸಿಕ್ಕ ಕ್ಷಣ "ಕರ್ತನೇ, ನಿನಗೆ ಸ್ತೋತ್ರ" ಎನ್ನುತ್ತೇನೆ. ನನ್ನ ದಿನದ ಪ್ರಾರ್ಥನೆ ಶುರುವಾಗುವುದು ಅಲ್ಲಿಂದ.

ನಾನು ಸಕಲೇಶಪುರದಲ್ಲಿ ಬಟ್ಟೆ ಹೊಲಿಯುವವಳು. ಹುಟ್ಟಿನಿಂದ ಕ್ರೈಸ್ತಳು. ನಮ್ಮಜ್ಜಿ ಹಾಸನದ ರೆಡ್‌ಫರ್ನ್ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಅವರ ಸತ್ಯವೇದ, ಅಂದರೆ ಬೈಬಲ್, ನನ್ನ ಪಾಲಿಗೆ ಬಂದಿತ್ತು. ಆದರೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಇರುತ್ತಿತ್ತು. ಕ್ರಿಸ್ಮಸ್, ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್ ಬಂದರೆ ಚರ್ಚಿಗೆ ಹೋಗುತ್ತಿದ್ದೆವು. ಊಟಕ್ಕೆ ಮುಂಚೆ ಕರ್ತನ ಪ್ರಾರ್ಥನೆಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದೆವು. ನಂಬಿಕೆ ಎಂದರೆ ಇಷ್ಟೇ ಎಂದುಕೊಂಡಿದ್ದೆ.

2024ರ ಮೇ ತಿಂಗಳಲ್ಲಿ ಇವರ ಕಾಲು ಊದಿಕೊಂಡವು, ಊಟ ಕಂಡರೆ ವಾಕರಿಕೆ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಡಯಾಲಿಸಿಸ್ ಎಂದರು ಡಾಕ್ಟರು. ಎಲ್ಲಿಯವರೆಗೆ ಎಂದು ಕೇಳಿದೆ. ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅರ್ಥವಾಯಿತು.

ಆಗ ನಾನು ಮಾಡಿದ ಪ್ರಾರ್ಥನೆ ಬರೀ ಚೌಕಾಸಿ. ಇವರನ್ನು ಗುಣಪಡಿಸಿದರೆ ಇದು ಕೊಡುತ್ತೇನೆ, ಅದು ಬಿಡುತ್ತೇನೆ. ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ನೋಡಲು ಬಂದ ಇಬ್ಬರು ಹೆಂಗಸರು, ಮನೆಯಲ್ಲಿ ಅರಿಕೆ ಮಾಡದ ಪಾಪ ಯಾವುದಾದರೂ ಇದೆಯೇ ನೋಡಿಕೊಳ್ಳಿ, ನಂಬಿಕೆ ಗಟ್ಟಿಯಿದ್ದರೆ ಸೂಜಿಯೇ ಬೇಕಾಗಿಲ್ಲ ಎಂದು ಹೇಳಿ ಹೋದರು. ಆ ರಾತ್ರಿಯಿಂದ ನಾನು ಪ್ರಾರ್ಥನೆ ನಿಲ್ಲಿಸಿದೆ. ಇಂಥ ಮಾತನ್ನು ಕೇಳಿಸಿಕೊಂಡವರು ಇದನ್ನು ಓದುತ್ತಿದ್ದರೆ ಕೈಮುಗಿದು ಹೇಳುತ್ತೇನೆ: ಡಯಾಲಿಸಿಸ್ ಬಿಡಬೇಡಿ, ಮಾತ್ರೆ ಬಿಡಬೇಡಿ. ನಮ್ಮ ಮನೆಯವರು ಇಂದು ಉಸಿರಾಡುತ್ತಿರುವುದು ಆ ಯಂತ್ರದಿಂದ. ಅದನ್ನು ಕಂಡುಹಿಡಿಯುವ ಬುದ್ಧಿಯನ್ನು ಮನುಷ್ಯರಿಗೆ ಕೊಟ್ಟವನು ದೇವರೇ ಎಂದು ನಾನು ನಂಬುತ್ತೇನೆ.

ಜೂನ್ 2, ಭಾನುವಾರ ಸಂಜೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮನೆಗೆ ಬಂದರು. ಕಾಫಿ ಕುಡಿದರು. ಬಹಳ ಹೊತ್ತು ಇವರ ಮಂಚದ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರಂತೆ. ಅವರು ಕೆಟ್ಟದ್ದು ಬಾಯಿ ತೆರೆದು, ತಪ್ಪು ಅವನದೇ ಎಂದ ಮೇಲೆ. ಹೊರಡುವಾಗ ನಾನೇ ಹೇಳಿದೆ: "ಅಯ್ಯನವರೇ, ನನಗೆ ಪ್ರಾರ್ಥನೆ ಬರುತ್ತಿಲ್ಲ." ಅವರು ಗದರಿಸಲಿಲ್ಲ. "ಸ್ವಂತ ಮಾತು ಹುಡುಕಬೇಡಿ ಅಮ್ಮಾ. ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗುವಾಗ ಬಸ್ಸಿನಲ್ಲಿ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ. ಮೊದಲಿನಿಂದ, ಒಂದು ಪ್ರಯಾಣಕ್ಕೆ ಒಂದು. ಮನಸ್ಸು ಬರದಿದ್ದರೂ ಓದಿ" ಎಂದರು.

ಮರುದಿನ ಸೋಮವಾರವೇ ಶುರುಮಾಡಿದೆ. ವಾರಕ್ಕೆ ಮೂರು ಪ್ರಯಾಣ, ಮೂರು ಕೀರ್ತನೆ. ಬಾಳ್ಳುಪೇಟೆ, ಆಲೂರು ದಾಟಿ ಹಾಸನ ಮುಟ್ಟುವ ಮೊದಲು ಎಷ್ಟು ಉದ್ದದ ಕೀರ್ತನೆಯಾದರೂ ಮುಗಿಯುತ್ತದೆ. ಮೊದಮೊದಲು ಅಕ್ಷರ ಓಡುತ್ತಿದ್ದವು, ಮನಸ್ಸು ಬ್ಲಡ್ ರಿಪೋರ್ಟಿನಲ್ಲಿತ್ತು. ಜುಲೈ 1ರಂದು 13ನೆಯ ಕೀರ್ತನೆ ಬಂತು. ಹೊರಗೆ ಧೋ ಎಂದು ಮಳೆ, ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಮೊಬೈಲಿನ ಬೆಳಕಿನಲ್ಲಿ ಓದಿದೆ. ಬರೀ ಆರು ವಚನ. ಮೊದಲ ಎರಡು ವಚನಗಳಲ್ಲೇ ಅರಸ ದಾವೀದನು "ಇನ್ನೆಷ್ಟು ಕಾಲ" ಎಂದು ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ, ಮುಖ ಮರೆಮಾಡಿಕೊಳ್ಳುತ್ತೀಯಾ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಡಾಕ್ಟರಿಗೆ ನಾನು ಕೇಳಿದ್ದೂ ಅದೇ ಪ್ರಶ್ನೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಕೊನೆಯ ಎರಡು ವಚನಗಳಲ್ಲಿ ದಾವೀದನು ಹಾಡುತ್ತೇನೆ ಎನ್ನುತ್ತಾನೆ, ಅಲ್ಲಿಗೆ ನಾನಿನ್ನೂ ಬಂದಿರಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಮೊದಲ ಎರಡು ವಚನಗಳನ್ನೇ ಹೇಳಿಕೊಂಡೆ. ಬಹಳ ದಿನಗಳ ಮೇಲೆ ನಿಜವಾಗಿ ಮಾಡಿದ ಪ್ರಾರ್ಥನೆ ಅದು.

ಬಳ್ಳಾರಿಯಲ್ಲಿ ಕುಳಿತು ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಅಂದಿನಿಂದ ನಮ್ಮ ಭಾಷೆಯಲ್ಲಿ ಎಷ್ಟು ಜನ ಈ ಪ್ರಶ್ನೆ ಕೇಳಿ ಅತ್ತಿರಬೇಕು. ನಮ್ಮಜ್ಜಿಯೂ ಕೇಳಿರಬೇಕು, ಆ ಪುಟದ ಅಂಚು ಬೆರಳು ತಾಗಿ ತಾಗಿ ಮೆತ್ತಗಾಗಿತ್ತು.

ಪ್ರಾರ್ಥನೆಯನ್ನು ಆ ದಿನದ ಮಟ್ಟಕ್ಕೆ ಇಳಿಸಿಕೊಂಡಿದ್ದು ಅದಾದ ಮೇಲೆ. ನನ್ನ ಅಳತೆ ಪುಸ್ತಕ ಯಾವಾಗಲೂ ಚೀಲದಲ್ಲಿರುತ್ತದೆ. ಮುಂದಿನಿಂದ ತೆರೆದರೆ ಎದೆ, ಸೊಂಟ, ತೋಳಿನ ಉದ್ದ. ಅದನ್ನು ತಿರುಗಿಸಿ ಹಿಂದಿನ ಪುಟದಿಂದ ಬರೆಯತೊಡಗಿದೆ. ತಾರೀಖು, ಕೀರ್ತನೆಯ ಸಂಖ್ಯೆ, ಅಂದಿಗೆ ಒಂದೇ ಒಂದು ಬೇಡಿಕೆ. "ಸೂಜಿ ಮೊದಲ ಸಲಕ್ಕೇ ಸಿಗಲಿ." "ತೂಕದ ಏರಿಕೆ ಎರಡೂವರೆ ಕಿಲೋ ಮೀರದಿರಲಿ." "ಎಳನೀರು ಕೇಳಿ ಹಟ ಮಾಡದಿರಲಿ." ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಇವರಿಗೆ ಕೊಡುವಂತಿಲ್ಲ, ಕುಡಿಯುವ ನೀರನ್ನೂ ಅಳೆದು ಕೊಡಬೇಕು. ದಾಹದಿಂದ ಇವರು ಮಗುವಿನಂತೆ ನನ್ನ ಕೈ ನೋಡುವುದನ್ನು ಸಹಿಸುವ ಶಕ್ತಿ ಕೊಡು ಎಂದೂ ಒಂದು ದಿನ ಬರೆದಿದ್ದೇನೆ. ಅನುದಿನದ ಆಹಾರ ಕೊಡು ಎಂದೇ ಅಲ್ಲವೇ ಯೇಸು ಕಲಿಸಿದ್ದು? ಒಂದು ವರ್ಷದ್ದನ್ನು ಒಟ್ಟಿಗೆ ಕೇಳಲು ಹೇಳಲಿಲ್ಲ.

ಎಲ್ಲ ಬೇಡಿಕೆಯೂ ನೆರವೇರಲಿಲ್ಲ. ಡಿಸೆಂಬರ್ 23ರಂದು 88ನೆಯ ಕೀರ್ತನೆ ಬಂತು. ಬಹುತೇಕ ದುಃಖದ ಕೀರ್ತನೆಗಳು ಕೊನೆಗೆ ಎಲ್ಲೋ ಬೆಳಕಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಕ್ರಿಸ್ಮಸ್ಸಿಗೆ ಎರಡೇ ದಿನ, ಇದೆಂಥ ವಾಕ್ಯ ಕೊಟ್ಟೆಯಪ್ಪಾ ಎಂದು ಪುಸ್ತಕ ಮುಚ್ಚಿದೆ. ಅದೇ ದಿನ ಡಯಾಲಿಸಿಸ್ ನಡುವೆ ಇವರ ರಕ್ತದೊತ್ತಡ ಕುಸಿಯಿತು. ಮೀನಖಂಡ ಸೆಡೆತು ಕೂಗಿಕೊಂಡರು. ನರ್ಸ್ ಓಡಿ ಬಂದು ಕಾಲು ಎತ್ತಿಟ್ಟು ಸಲೈನ್ ಬಿಟ್ಟರು. ನನ್ನನ್ನು ಹೊರಗೆ ಕಳುಹಿಸಿದರು.

ಹೊರಗಿನ ಬೆಂಚಿನಲ್ಲಿ ಬೇಲೂರು ಕಡೆಯ ಮುಸ್ಲಿಂ ತಾಯಿಯೊಬ್ಬರು ಕುಳಿತಿದ್ದರು. ಅವರ ಮಗನಿಗೂ ನಮ್ಮದೇ ಸರದಿ. ಅವರ ಕೈಯಲ್ಲಿ ಜಪಮಣಿ, ನನ್ನ ಮಡಿಲಲ್ಲಿ ಸತ್ಯವೇದ. ಅವರು ಏನೂ ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗಿಟ್ಟು, ನಾನು ಕುಡಿದು ಮುಗಿಸುವವರೆಗೂ ನನ್ನ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಹೇಳಿದರು: "ನೀನು ಪುಸ್ತಕದಲ್ಲಿ ಬರೆಯುತ್ತೀಯಲ್ಲ ಅಮ್ಮಾ, ನನ್ನ ಮಗನ ಹೆಸರನ್ನೂ ಬರೆದುಕೋ." ಬರೆದೆ. ಕತ್ತಲೆಯಲ್ಲಿ ಮುಗಿಯುವ ಕೀರ್ತನೆಯ ಸಂಖ್ಯೆಯ ಕೆಳಗೇ ಬರೆದೆ. ಅಂದು ಹೊಳೆಯಿತು: ಬೆಳಕು ಕಾಣದವನ ಕೂಗನ್ನೂ ದೇವರು ತನ್ನ ಪುಸ್ತಕದಿಂದ ಹೊಡೆದುಹಾಕಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಮೂರು ಸಲ ಪ್ರಾರ್ಥಿಸಿದನು. ಮೂರನೆಯ ಸಲವೂ ಅದೇ ಮಾತು. ಆ ಪಾತ್ರೆ ಅವನಿಂದ ತೊಲಗಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು ನಂಬಿಕೆಯ ಕೊರತೆ ಎಂದು ಇನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಸಾಲ ಇದೆ. ಸರ ಮಾರಿದ್ದಾಯಿತು. ಮೂತ್ರಪಿಂಡ ಹಿಂದಿರುಗಲಿಲ್ಲ. ಆದರೆ ಆ ದಿನದಿಂದ ನಾನು ಒಬ್ಬಳೇ ಹೊರುತ್ತಿದ್ದೇನೆ ಎಂದು ನನಗೆ ಅನ್ನಿಸಿಲ್ಲ. ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಈಗ ಹನ್ನೊಂದು ಹೆಸರುಗಳಿವೆ. ಎರಡರ ಮುಂದೆ ಶಿಲುಬೆಯ ಗುರುತು ಹಾಕಿದ್ದೇನೆ, ಅವರ ಮಂಚಗಳಲ್ಲಿ ಈಗ ಬೇರೆಯವರಿದ್ದಾರೆ. ಅವರ ಮನೆಯವರಿಗಾಗಿ ಪ್ರಾರ್ಥಿಸುತ್ತೇನೆ.

2025ರ ಮೇ 16, ಶುಕ್ರವಾರ 150ನೆಯ ಕೀರ್ತನೆ ಓದಿದೆ. ಇವರು ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು, ನಿದ್ದೆ ಎಂದುಕೊಂಡಿದ್ದೆ. ಪುಸ್ತಕ ಮುಚ್ಚಿದಾಗ ಕೇಳಿದರು: "ಮುಗಿಯಿತೇ?"

"ಮುಗಿಯಿತು."

"ಸೋಮವಾರ ಮೊದಲನೆಯದು ನಾನು ಓದುತ್ತೇನೆ. ಕನ್ನಡಕ ಮರೆಯದೆ ಇಟ್ಟುಕೋ."

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವರು ನನ್ನೆದುರು ವಾಕ್ಯ ಓದಿದವರಲ್ಲ. ಸೋಮವಾರ ಬಸ್ಸು ಹೇಮಾವತಿ ಸೇತುವೆ ದಾಟಿದ ಮೇಲೆ ಕೈ ಚಾಚಿದರು. ಸಾಲಿನ ಕೆಳಗೆ ಬಲಗೈ ಬೆರಳಿಟ್ಟು, ಪ್ರತಿ ವಚನಕ್ಕೂ ನಿಂತು ಉಸಿರು ತೆಗೆದುಕೊಂಡು ಓದಿದರು. ಎಡಗೈ ನನ್ನ ಮಡಿಲಲ್ಲಿತ್ತು. ಅವರು ಓದಿ ಮುಗಿಸುವವರೆಗೂ ನಾನು ಆ ಮಣಿಕಟ್ಟಿನ ಅದುರಿನ ಮೇಲಿಂದ ಬೆರಳು ತೆಗೆಯಲಿಲ್ಲ.