ಹಡಗು ಹತ್ತಿದ ದಿನ, ಅಮ್ಮನ ಮಾತ್ರೆ ಡಬ್ಬಿ

ಪ್ರವಾಸಿ ಹಡಗಿನ ಟಿಕೆಟ್ಟಿನ ಮೇಲೆ ರೋಮ್ ಎಂದೇ ಇರುತ್ತದೆ. ಹಡಗು ನಿಂತಿರುವುದು ಮಾತ್ರ ಅಲ್ಲಿಂದ ಸುಮಾರು 70 ಕಿಲೋಮೀಟರ್ ಆಚೆ, ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ಸೆಪ್ಟೆಂಬರ್ ಕೊನೆಯ ವಾರ ನಾನು, ಅಮ್ಮ ಇಬ್ಬರೇ ಹೊರಟಿದ್ದೆವು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲವಲ್ಲ, ಅದಕ್ಕೇ ಎರಡು ದಿನ ಮೊದಲೇ ರೋಮ್ ಸೇರಿಕೊಂಡೆವು. ಈ ವಿಷಯದಲ್ಲಿ ನಾನು ಮಾಡಿದ್ದು ಸರಿ ಎಂದು ಈಗಲೂ ಅನ್ನಿಸುತ್ತದೆ.

ವ್ಯಾಟಿಕನ್ ಹತ್ತಿರದ ಸ್ಯಾನ್ ಪಿಯೆತ್ರೊ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದೆವು. ಕಾಗದದ ಟಿಕೆಟ್ಟಾದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ. ಒಂದು ಗಂಟೆಯೊಳಗೆ ಕಿಟಕಿಯಲ್ಲಿ ಸಮುದ್ರ. ಚಿವಿತಾವೆಕ್ಕಿಯಾ ನಿಲ್ದಾಣದಿಂದ ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ಒಂದು ಬಸ್ಸು, ಅಲ್ಲಿಂದ ಹಡಗಿನ ಬುಡದವರೆಗೆ ಬಂದರಿನವರದೇ ಉಚಿತ ಬಸ್ಸು. ನೀರಿನ ಅಂಚಿಗೇ ದಪ್ಪ ಗೋಡೆಯ ಹಳೆಯ ಕೋಟೆಯೊಂದಿದೆ, ಮೈಕೆಲೇಂಜೆಲೊ ಹೆಸರಿನದು. ಈ ಬಂದರನ್ನು ಮೊದಲು ಕಟ್ಟಿಸಿದ್ದು ಟ್ರಾಜನ್ ಚಕ್ರವರ್ತಿ, ಹತ್ತಿರ ಹತ್ತಿರ 1,900 ವರ್ಷಗಳ ಹಿಂದೆ. ಅಮ್ಮ ಕೋಟೆ ನೋಡಲಿಲ್ಲ. ಅವಳ ಕಣ್ಣೆಲ್ಲ ಎದುರಿಗೆ ನಿಂತ ಬಿಳಿ ಹಡಗಿನ ಮೇಲೆ. "ಇದು ತೇಲುತ್ತಾ?" ಎಂದಳು.

ಹಡಗಿನ ಪಕ್ಕದಲ್ಲೇ ದೊಡ್ಡ ಸೂಟ್‌ಕೇಸುಗಳನ್ನು ಕೂಲಿಗಳಿಗೆ ಒಪ್ಪಿಸಬೇಕು. ಕೋಣೆಯ ಸಂಖ್ಯೆಯಿರುವ ಪಟ್ಟಿ ಕಟ್ಟಿದರೆ ಸಾಯಂಕಾಲದೊಳಗೆ ಅವು ಕೋಣೆಯ ಬಾಗಿಲಿಗೇ ಬರುತ್ತವೆ. ಕೈ ಹಗುರವಾಯಿತಲ್ಲ ಎಂಬ ಖುಷಿಯಲ್ಲಿ ಕೊಟ್ಟುಬಿಟ್ಟೆ. ವಿಮಾನ ನಿಲ್ದಾಣದಂಥದೇ ತಪಾಸಣೆ, ಪಾಸ್‌ಪೋರ್ಟ್, ಮುಖದ ಒಂದು ಫೋಟೊ, ಕೈಗೊಂದು ಕಾರ್ಡು. ಕೋಣೆಯ ಬೀಗದ ಕೈಯೂ ಅದೇ, ದುಡ್ಡೂ ಅದೇ. ಒಂದು ಗಂಟೆಗೆಲ್ಲ ನಾವು ಹಡಗಿನೊಳಗೆ.

ಕೋಣೆ ಸಿದ್ಧವಾಗುವುದು ಎರಡು ಗಂಟೆಯ ಮೇಲೆ, ಅಲ್ಲಿಯವರೆಗೆ ಮೇಲಿನ ಅಂತಸ್ತಿನ ಬಫೆಯಲ್ಲಿ ಊಟ. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ತಟ್ಟೆ ಎತ್ತುತ್ತಿದ್ದ ಹುಡುಗ ತಿರುಗಿ ನೋಡಿದ. ಮಂಗಳೂರಿನವನು, ಒಂಬತ್ತು ತಿಂಗಳ ಕರಾರಿನಲ್ಲಿ ಆರು ಮುಗಿಸಿದ್ದ. ಯಾವ ಸೂಪಿನಲ್ಲಿ ಮೀನಿನ ರಸವಿದೆ, ಯಾವುದರಲ್ಲಿ ಇಲ್ಲ ಎಂದು ಅಮ್ಮನಿಗೆ ತೋರಿಸಿಕೊಟ್ಟ. ಸಸ್ಯಾಹಾರದ ಮಾತನ್ನು ಇವತ್ತೇ ಊಟದ ಹಾಲಿನ ಮುಖ್ಯಸ್ಥರ ಕಿವಿಗೆ ಹಾಕಿ, ನಾಳೆಯಿಂದ ಬೇಳೆ, ಪಲ್ಯ ಮಾಡಿಕೊಡುತ್ತಾರೆ ಎಂದ. ಹೇಳಿದ್ದಕ್ಕೆ ಮರುದಿನದಿಂದ ನಿಜವಾಗಿಯೂ ಸಿಕ್ಕಿತು.

ನಾಲ್ಕೂವರೆಗೆ ಒಂದು ಸೂಟ್‌ಕೇಸು ಬಂತು, ಇನ್ನೊಂದು ಬರಲಿಲ್ಲ. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ಎಲ್ಲ ಬಾರದ ಪೆಟ್ಟಿಗೆಯಲ್ಲಿದ್ದವು. ರಾತ್ರಿ ಊಟಕ್ಕೆ ಮುಂಚೆ ಅವಳಿಗೆ ಅವು ಬೇಕೇ ಬೇಕು. ಕಾರಿಡಾರಿನ ಉದ್ದಕ್ಕೂ ಎರಡು ಸಲ ಓಡಾಡಿದೆ. ಕೊನೆಗೆ ಬಫೆಯ ಆ ಹುಡುಗನನ್ನೇ ಹುಡುಕಿ ಕೇಳಿದಾಗ ಅವನ ಮೊದಲ ಪ್ರಶ್ನೆ: "ಕೆಟಲ್ ಇಟ್ಟಿದ್ದೀರಾ ಮೇಡಂ?"

ಇಟ್ಟಿದ್ದೆ. ಅಮ್ಮನಿಗೆ ಬೆಳಿಗ್ಗೆ ಬಿಸಿನೀರು ಬೇಕೆಂದು. ಹಡಗಿನಲ್ಲಿ ಬೆಂಕಿಯ ಭಯ ಬಹಳ. ಆದ್ದರಿಂದ ಕೆಟಲ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವೆಲ್ಲ ನಿಷೇಧ. ಎಕ್ಸ್-ರೇಯಲ್ಲಿ ಕಂಡರೆ ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ. ಕೆಳ ಅಂತಸ್ತಿನ ಭದ್ರತಾ ಕೋಣೆಗೆ ಹೋಗಿ ಅವರೆದುರು ತೆರೆದು ತೋರಿಸಿದೆ. ಕೆಟಲ್ ತೆಗೆದಿಟ್ಟು ಚೀಟಿ ಕೊಟ್ಟರು, ಇಳಿಯುವ ದಿನ ವಾಪಸು. ಮಾತ್ರೆ ಡಬ್ಬಿ ಕೈಗೆ ಬಂದಾಗ ಐದೂಕಾಲು. ಬಿಸಿನೀರು ಬಫೆಯಲ್ಲಿ ಇಡೀ ದಿನ ಸಿಗುತ್ತಿತ್ತು. ಈಗ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಔಷಧಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಹೆಗಲ ಚೀಲದಲ್ಲಿರಲಿ.

ಈ ಓಡಾಟದ ನಡುವೆ ತುರ್ತು ಕವಾಯತು ಬಾಕಿಯಿತ್ತು. ಕೋಣೆಯ ಟಿವಿಯಲ್ಲಿ ಲೈಫ್ ಜಾಕೆಟ್ ಕಟ್ಟುವುದನ್ನು ತೋರಿಸುತ್ತಾರೆ, ಏಳು ಸಣ್ಣ ಕೂಗು, ಒಂದು ಉದ್ದ ಕೂಗು, ಆ ಸದ್ದನ್ನು ಕೇಳಿಸುತ್ತಾರೆ. ಆಮೇಲೆ ಕಾರ್ಡಿನ ಮೇಲೆ ಬರೆದಿರುವ ಜಾಗಕ್ಕೆ ನಾವೇ ನಡೆದು ಹೋಗಿ ಹಾಜರಿ ಹಾಕಿಸಬೇಕು. ಅಮ್ಮನಿಗೆ ಸುಸ್ತಾಗಿತ್ತು, ನಾಳೆ ಹೋದರಾಗದೇ ಎಂದಳು. ಆಗುವುದಿಲ್ಲ ಎಂದೆ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಹೊರಟದ್ದು ಇದೇ ಬಂದರಿನಿಂದ. ಇಲ್ಲಿ ಹತ್ತಿದ್ದವರಿಗೆ ಕವಾಯತು ಇನ್ನೂ ನಡೆದೇ ಇರಲಿಲ್ಲ, ಅಷ್ಟರಲ್ಲಿ ಹಡಗು ಬಂಡೆಗೆ ಬಡಿಯಿತು. 32 ಜನ ಸತ್ತರು. ಮುಂಚೆಯೆಲ್ಲ, ಹತ್ತಿದ 24 ಗಂಟೆಯೊಳಗೆ ಕವಾಯತು ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಆಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಮೊಣಕಾಲು ನೋವಿದ್ದರೂ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಕರೆದೊಯ್ದೆ, ಬೆಂಕಿ ಬಿದ್ದರೆ ಲಿಫ್ಟ್ ಬಳಸುವಂತಿಲ್ಲವಲ್ಲ. ನಮ್ಮ ಕೋಣೆಯಿಂದ ಮೂರು ಅಂತಸ್ತು ಕೆಳಗೆ. ಅಮ್ಮ ಮೆಟ್ಟಿಲುಗಳನ್ನು ಎಣಿಸುತ್ತಾ ಇಳಿದಳು.

ಆರು ಗಂಟೆಗೆ ದಡದ ಹಗ್ಗ ಬಿಚ್ಚಿದರು. ಕೆಳಗೆ ನೀರು ಕದಡಿತು, ಆಮೇಲೆ ಊರೇ ಹಿಂದೆ ಸರಿದಂತಾಯಿತು. ಬಂದರು ದಾಟಿಸಿದ ಪೈಲಟ್ಟು ಹಗ್ಗದ ಏಣಿಯಲ್ಲಿ ಇಳಿದು ಪುಟ್ಟ ದೋಣಿಗೆ ಹಾರಿಕೊಂಡಾಗ ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದಳು. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿದೆ, ಹಡಗಿನ ನೆಟ್‌ವರ್ಕ್ ತಾನಾಗಿ ಹಿಡಿದರೆ ಬಿಲ್ಲು ಬಹಳ.

ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತಿದ್ದಾಗ ಕತ್ತಲಲ್ಲಿ ದೂರಕ್ಕೆ ಕೆಲವು ದೀಪಗಳು ಕಂಡವು. ಟಿವಿಯ ನಕ್ಷೆಯಲ್ಲಿ ನೋಡಿದೆ, ಜಿಲಿಯೊ ದ್ವೀಪ. ಕಾಂಕಾರ್ಡಿಯಾ ಬಡಿದದ್ದು ಅಲ್ಲಿಯೇ. ಅಮ್ಮನಿಗೆ ಹೇಳಿದೆ. ಅವಳು ಎದ್ದು ನಿಂತು ಕೈ ಮುಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಐವತ್ನಾಲ್ಕು ಮೆಟ್ಟಿಲು" ಎಂದಳು.